ರೊಟ್ಟಿ ಬಡಿದರೆ ಕೂಗುವ ಗಡಿಯಾರ: ಒಂಟಿ ಹಿರಿಯರ ಮನೆಗೆ ಡಿಜಿಟಲ್ ಆರೋಗ್ಯ ವ್ಯವಸ್ಥೆ ಹೇಗಿರಬೇಕು?

ಬೆಟಗೇರಿಯಲ್ಲಿರುವ ನಮ್ಮ ದೊಡ್ಡವ್ವನಿಗೆ ಈಗ 78. ಮನೆಯಲ್ಲಿ ಒಬ್ಬಳೇ. ಮಗ ಪುಣೆಯಲ್ಲಿ, ನಾನು ಹುಬ್ಬಳ್ಳಿಯಲ್ಲಿ. ಹೋದ ದೀಪಾವಳಿಗೆ ಬಂದ ಮಗ ಆಕೆಯ ಕೈಗೊಂದು ಸ್ಮಾರ್ಟ್ ವಾಚ್ ಕಟ್ಟಿ ಹೋದ. ಕಟ್ಟಿಕೊಂಡವರು ಬಿದ್ದರೆ ತಾನೇ ಸುದ್ದಿ ಮುಟ್ಟಿಸುವ ವಾಚು. ಅವ ಪುಣೆ ಮುಟ್ಟಿದ ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನ ಮೊಬೈಲು ಬಡಕೊಳ್ಳತೊಡಗಿತು: ಅವ್ವ ಬಿದ್ದಿದ್ದಾಳೆ. ಅವ ನನಗೆ ಫೋನ್ ಮಾಡಿದ, ನಾನು ಪಕ್ಕದ ಮನೆಯ ವೈನಿಗೆ ಮಾಡಿದೆ, ವೈನಿ ಕೈಯೊಳಗಿನ ಕೆಲಸ ಬಿಟ್ಟು ಓಡಿದರು. ಒಳಗೆ ದೊಡ್ಡವ್ವ ಹಲಗೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೈಯಲ್ಲಿ ವಾಚು, ವಾಚಿನ ತುಂಬ ಹಿಟ್ಟು.

"ನಾ ಎಲ್ಲಿ ಬಿದ್ದೇನಿ? ರೊಟ್ಟಿ ಬಡಿಯಾಕತ್ತೇನಿ," ಅಂದಳಂತೆ.

ಮನೆಮಂದಿಯೆಲ್ಲ ನಕ್ಕರು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸದಲ್ಲಿ ಹದಿನೈದು ವರ್ಷ ಕಳೆದ ನನಗೆ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಆ ವಾಚು ಕೆಟ್ಟಿರಲಿಲ್ಲ. ಅದನ್ನು ಮಾಡಿದವರ ಕಣ್ಣ ಮುಂದೆ ನಮ್ಮ ದೊಡ್ಡವ್ವನಂಥವರು ಇರಲಿಲ್ಲ, ಅಷ್ಟೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಕರ್ನಾಟಕದಲ್ಲೇ ಸುಮಾರು 58 ಲಕ್ಷ. ಆಮೇಲೆ ಅದು ಏರಿದೆಯೇ ಹೊರತು ಇಳಿದಿಲ್ಲ. ಗದಗ, ಹಾವೇರಿ, ಧಾರವಾಡದ ಓಣಿಗಳಲ್ಲಿ ಮಕ್ಕಳು ಬೆಂಗಳೂರು-ಪುಣೆ ಸೇರಿ, ಹಿರಿಯರಷ್ಟೇ ಉಳಿದ ಮನೆಗಳು ಎಷ್ಟಿವೆ ಎಂದು ಎಣಿಸಲು ಜನಗಣತಿ ಬೇಡ. ಸಂಜೆ ಕಟ್ಟೆಯ ಮೇಲೆ ಕೂತವರನ್ನು ನೋಡಿದರೆ ಸಾಕು.

ಮೊದಲು ವಾಚಿನ ಸಂಗತಿ ಹೇಳುತ್ತೇನೆ. ಅದರೊಳಗೆ ಅಕ್ಸೆಲೆರೋಮೀಟರ್ ಎಂಬ, ಕಾಳಿಗಿಂತ ಚಿಕ್ಕದಾದ ಚಿಪ್ ಇದೆ. ಕೈಯ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂದು ಮೂರು ದಿಕ್ಕಿನಲ್ಲೂ ಅಳೆಯುವುದು ಅದರ ಕೆಲಸ. ಸುಮ್ಮನೆ ಕೂತಾಗ ಅದಕ್ಕೆ ಕಾಣುವುದು ಭೂಮಿಯ ಸೆಳೆತ ಮಾತ್ರ. ಅದಕ್ಕೆ 1 ಜಿ ಎನ್ನುತ್ತಾರೆ. ಕಾಲು ಜಾರಿ ಬೀಳುವ ಕ್ಷಣದಲ್ಲಿ ಆ ಅಂಕಿ ಸೊನ್ನೆಯ ಕಡೆ ಇಳಿಯುತ್ತದೆ. ನೆಲಕ್ಕೆ ಬಡಿದಾಗ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಆಮೇಲೆ ಅಲುಗಾಟ ನಿಂತು, ಕೈ ಬೇರೆಯೇ ದಿಕ್ಕಿಗೆ ತಿರುಗಿಕೊಂಡಿರುತ್ತದೆ. ಇಳಿತ, ಏಟು, ನಂತರ ಸ್ತಬ್ಧ: ಈ ಮೂರು ಸಾಲಾಗಿ ಬಂದರೆ ಬಿದ್ದರು ಎಂದು ವಾಚು ಲೆಕ್ಕ ಹಾಕುತ್ತದೆ. ರೊಟ್ಟಿ ಬಡಿಯುವ ಕೈಯೂ ಏರಿ ಇಳಿದು ಹಲಗೆಗೆ ಅಪ್ಪಳಿಸುತ್ತದೆ. ಆದರೆ ಅಲ್ಲಿ ಬರುವುದು ತಬಲಾದ ಹಾಗೆ ಸಾಲು ಏಟು. ಆ ತಾಳವನ್ನು ಗುರುತಿಸುವುದು ಕಂಪ್ಯೂಟರಿಗೆ ಏನೂ ಕಷ್ಟದ ಕೆಲಸವಲ್ಲ. ಯಾರಾದರೂ ಅದಕ್ಕೊಮ್ಮೆ ರೊಟ್ಟಿ ಬಡಿದು ತೋರಿಸಬೇಕು.

ತೋರಿಸುವವರು ಯಾರು? ಇಂಥ ಉಪಕರಣಗಳಿಗೆ ಪಾಠ ಹೇಳಲು ಬಳಸುವ ದತ್ತಾಂಶದಲ್ಲಿ ಬಹಳಷ್ಟು, ಗಟ್ಟಿಮುಟ್ಟಾದ ಹುಡುಗರು ಪ್ರಯೋಗಾಲಯದಲ್ಲಿ ಮೆತ್ತನೆ ಗಾದಿಯ ಮೇಲೆ ಬೇಕೆಂದೇ ಬಿದ್ದು ಮಾಡಿದ್ದು. ಎಂಬತ್ತರ ಅಜ್ಜಿ ಹಾಗೆ ಬೀಳುವುದಿಲ್ಲ. ಬಚ್ಚಲಿನ ಗೋಡೆ ಹಿಡಿದು, ಹಿಡಿತ ತಪ್ಪಿ, ಮೆಲ್ಲಗೆ ಜಾರುತ್ತಾ ಕೂರುತ್ತಾಳೆ. ಜೋರಾದ ಏಟೇ ಇರುವುದಿಲ್ಲ. ಹಾಗಾಗಿ ರೊಟ್ಟಿ ಬಡಿದಾಗ ಕೂಗುವ ವಾಚು, ನಿಜಕ್ಕೂ ಬಿದ್ದಾಗ ಸುಮ್ಮನಿರಲೂಬಹುದು.

ಇನ್ನೊಂದು ಲೆಕ್ಕ. 65 ದಾಟಿದವರಲ್ಲಿ ವರ್ಷಕ್ಕೆ ಶೇ. 28ರಿಂದ 35ರಷ್ಟು ಮಂದಿ ಒಮ್ಮೆಯಾದರೂ ಬೀಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗದಗ-ಬೆಟಗೇರಿಯಲ್ಲಿ ಸಾವಿರ ಹಿರಿಯರಿಗೆ ಇಂಥ ವಾಚು ಕೊಟ್ಟೆವು ಎಂದುಕೊಳ್ಳಿ. ವರ್ಷಕ್ಕೆ ಮುನ್ನೂರು ಚಿಲ್ಲರೆ ಮಂದಿ ಬೀಳುತ್ತಾರೆ, ಅಂದರೆ ದಿನಕ್ಕೆ ಒಂದಕ್ಕಿಂತ ಕಡಿಮೆ. ಪ್ರತಿ ವಾಚು ತಿಂಗಳಿಗೆ ಒಂದೇ ಒಂದು ಸುಳ್ಳು ಕೂಗು ಹಾಕಿತು ಎನ್ನೋಣ. ಅದು ಬಹಳ ಒಳ್ಳೆಯ ವಾಚೇ. ಆದರೂ ವರ್ಷಕ್ಕೆ 12,000 ಸುಳ್ಳು ಕೂಗು. ನಲವತ್ತು ಕೂಗಿನಲ್ಲಿ ನಿಜ ಒಂದೇ. ಫೋನ್ ಎತ್ತುವ ಮನುಷ್ಯ ಎಷ್ಟು ದಿನ ಓಡಿಯಾನು? ತೋಳ ಬಂತು ತೋಳ ಕಥೆ ನಮಗೆ ಗೊತ್ತೇ ಇದೆ. ಆಸ್ಪತ್ರೆಯ ಐಸಿಯುಗಳಲ್ಲೂ ಇದೇ ರೋಗ: ಯಂತ್ರಗಳು ದಿನವಿಡೀ ಕೂಗಿ ಕೂಗಿ ನರ್ಸ್‌ಗಳ ಕಿವಿ ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ.

ಅದಕ್ಕೇ ಒಳ್ಳೆಯ ವ್ಯವಸ್ಥೆ ಮೊದಲು ಕೇಳುವುದು ಕಟ್ಟಿಕೊಂಡವರನ್ನೇ. ವಾಚು ಅರ್ಧ ನಿಮಿಷ ಕೈಯಲ್ಲಿ ಗಡಗಡ ಅಂದು, "ಆರಾಮ ಅದೀರೇನ್ರಿ?" ಅನ್ನಬೇಕು. ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು. ಮುಂದಿನ ಮೆಟ್ಟಿಲು ಯಾವುದು ಎಂಬಲ್ಲಿ ತಯಾರಕರು ಎಡವುತ್ತಾರೆ. ಅವರ ಪಟ್ಟಿಯಲ್ಲಿ ಮೊದಲ ಹೆಸರು ಮಗನದು, ಯಾಕೆಂದರೆ ದುಡ್ಡು ಕೊಟ್ಟವನು ಮಗ. ಪುಣೆಯಲ್ಲಿ ಕೂತ ಮಗ ಮಾಡಬಹುದಾದದ್ದು ಗಾಬರಿಯಾಗುವುದು ಒಂದೇ. ಹುಬ್ಬಳ್ಳಿಯಿಂದ ನಾನು ಹೊರಟರೂ ಅರವತ್ತು ಕಿಲೋಮೀಟರು. ವೈನಿ ಬರಲು ಇಪ್ಪತ್ತು ಹೆಜ್ಜೆ. ಬಿದ್ದವರು ಎದ್ದೇಳಲಾರದೆ ನೆಲದ ಮೇಲೆ ಒಂದು ತಾಸಿಗಿಂತ ಹೆಚ್ಚು ಬಿದ್ದಿದ್ದರೆ ಅಪಾಯವೇ ಬೇರೆ: ಮೈಯ ನೀರು ಆರುತ್ತದೆ, ಒತ್ತಿದ ಜಾಗದ ಚರ್ಮ ಸಾಯತೊಡಗುತ್ತದೆ, ಜಜ್ಜಿದ ಸ್ನಾಯು ಕರಗಿ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಆ ತಾಸನ್ನು ಉಳಿಸುವವರು ಇಪ್ಪತ್ತು ಹೆಜ್ಜೆ ದೂರದವರು. ಆಮೇಲೆ 108.

ವೈನಿ ಬಂದರು ಎನ್ನಿ. ಬಾಗಿಲು? ದೊಡ್ಡವ್ವ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುತ್ತಾಳೆ. ಕಬ್ಬಿಣದ, ಬೆರಳು ಗಾತ್ರದ, ಅವರ ಮಾವನವರ ಕಾಲದ ಚಿಲಕ. ಉಪಗ್ರಹದ ಮೂಲಕ ಜಾಗ ಹುಡುಕಿಕೊಡುವ ವಾಚು ಆ ಚಿಲಕದ ಮುಂದೆ ಸೋಲುತ್ತದೆ. ನಾವು ಬಡಿಗೇರನನ್ನು ಕರೆಸಿ, ಹೊರಗಿನಿಂದಲೂ ಕೀಲಿಯಿಂದ ತೆರೆಯುವ ಲಾಕು ಹಾಕಿಸಿ, ಒಂದು ಕೀಲಿ ವೈನಿಗೆ ಕೊಟ್ಟೆವು. ವಾಚಿನ ಬೆಲೆಯ ಮುಂದೆ ಅದು ಏನೂ ಅಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಒಂದು ತಾಂತ್ರಿಕ ದಾಖಲೆಯಲ್ಲೂ 'ಚಿಲಕ' ಎಂಬ ಪದ ನೋಡಿದ ನೆನಪಿಲ್ಲ.

ಇಂಥ ವ್ಯವಸ್ಥೆಯನ್ನು ಬಾಲದ ಕಡೆಯಿಂದ ಕಟ್ಟುತ್ತಾ ಬರಬೇಕು ಎಂದು ನಾನು ಹೇಳುವುದು ಅದಕ್ಕೇ. ಕೊನೆಗೆ ಬಾಗಿಲು ತೆರೆಯುವ ಕೈ ಯಾರದು, ಅವರಿಗೆ ಸುದ್ದಿ ಹೇಗೆ ಮುಟ್ಟಬೇಕು, ಆ ಸುದ್ದಿ ಹುಟ್ಟಲು ಏನು ಬೇಕು. ಈ ಕ್ರಮದಲ್ಲಿ ಹಿಂದೆ ಹಿಂದೆ ಬಂದರೆ ಕಟ್ಟಕಡೆಗೆ ಯಂತ್ರ ಯಾವುದು ಎಂಬ ಪ್ರಶ್ನೆ ಬರುತ್ತದೆ. ನಾವು ಮೊದಲು ಅಂಗಡಿಗೆ ಹೋಗುತ್ತೇವೆ.

ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಾಲದಿಂದ ಕಟ್ಟಿದ್ದಕ್ಕೆ ಒಳ್ಳೆಯ ಉದಾಹರಣೆ. ಹೃದಯಾಘಾತದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಬೇಗ ಕರಗಿಸಬೇಕು, ತಜ್ಞರು ಇರುವುದು ದೊಡ್ಡ ಊರಲ್ಲಿ. ಅದಕ್ಕೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ಅಲ್ಲಿಂದಲೇ ಓದಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲೂಕಿನಲ್ಲೇ ಕೊಡುತ್ತಾರೆ. ಇಂಜೆಕ್ಷನ್ ಅಲ್ಲಿ ಇಲ್ಲದಿದ್ದರೆ ಇಸಿಜಿ ಎಷ್ಟು ವೇಗವಾಗಿ ಹಾರಿದರೇನು.

ಹಿರಿಯರು 'ಸ್ವತಂತ್ರವಾಗಿ' ಬದುಕುವುದು ಎಂದರೆ ಏನು ಎಂಬುದನ್ನೂ ಅಳೆಯಬಹುದು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಜೊತೆಗಾರರು 1963ರಲ್ಲಿ ಆರು ಕೆಲಸಗಳ ಅಳತೆ ಪಟ್ಟಿಯೊಂದನ್ನು ಕೊಟ್ಟರು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆ-ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಉಣ್ಣುವುದು. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಇನ್ನೂ ಎಂಟನ್ನು ಸೇರಿಸಿ ಬೇರೆ ಪಟ್ಟಿ ಮಾಡಿದರು: ಫೋನು, ಸಂತೆ, ಅಡಿಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧ, ಹಣದ ಲೆಕ್ಕ. ವೈದ್ಯರು ಇವತ್ತಿಗೂ ಇವನ್ನೇ ಕೇಳುತ್ತಾರೆ. ಸಾಮಾನ್ಯವಾಗಿ ಎರಡನೆಯ ಪಟ್ಟಿಯಲ್ಲಿ ಮೊದಲು ಬಿರುಕು ಕಾಣಿಸುತ್ತದೆ. ಹಣದ ಲೆಕ್ಕ ತಪ್ಪುವುದು, ಗುಳಿಗೆ ಮರೆಯುವುದು ಸ್ನಾನ ಮಾಡಲಾಗದ ಸ್ಥಿತಿಗಿಂತ ಎಷ್ಟೋ ಮೊದಲೇ ಶುರು. ಡಿಜಿಟಲ್ ಸಹಾಯ ಹೊಂದಿಕೊಳ್ಳಬೇಕಾದ ಜಾಗ ಅದೇ.

ನಮ್ಮ ಭಾಷೆಯಲ್ಲಿ ಇದಕ್ಕೆ ಇನ್ನೂ ಚೊಕ್ಕ ಪದ ಇದೆ: ಹಂಗು. "ಯಾರ ಹಂಗಿನ್ಯಾಗೂ ಇರಬಾರ್ದವ್ವಾ" ಎನ್ನುವ ಹಿರಿಯರು ಸಹಾಯವೇ ಬೇಡ ಎನ್ನುತ್ತಿಲ್ಲ. ವೈನಿ ತಂದುಕೊಡುವ ಬಜಿ ಅವರಿಗೆ ಬೇಕು. ಇವರೂ ಉಪ್ಪಿನಕಾಯಿ ಕೊಡುತ್ತಾರೆ, ಲೆಕ್ಕ ಸರಿಹೋಗುತ್ತದೆ. ತಿರುಗಿ ಏನೂ ಕೊಡಲಾಗದ ಸಹಾಯವೇ ಹಂಗು. ಮೇಲಿಂದ ಮೇಲೆ "ನೀವು ಇವತ್ತು ಕಡಿಮೆ ನಡೆದಿದ್ದೀರಿ" ಎಂದು ಗದರುವ ಆ್ಯಪ್ ಯಂತ್ರದ ಹಂಗು.

ಪರದೆಯ ವಿಷಯಕ್ಕೆ ಬರೋಣ. 'ಹಿರಿಯರಿಗೆ ಮೊಬೈಲ್ ಬರೋದಿಲ್ಲ' ಎನ್ನುವುದು ಅರ್ಧ ಸುಳ್ಳು. ಮೊಬೈಲಿಗೆ ಹಿರಿಯರು ಬರುವುದಿಲ್ಲ. ಟಚ್ ಸ್ಕ್ರೀನ್ ಬೆರಳನ್ನು ಗುರುತಿಸುವುದು ಬೆರಳು ತಾಗಿದಾಗ ಪರದೆಯ ಅಲ್ಪ ವಿದ್ಯುತ್ತಿನಲ್ಲಿ ಆಗುವ ಬದಲಾವಣೆಯಿಂದ; ಚರ್ಮದಲ್ಲಿ ಚೂರು ಪಸೆ ಇದ್ದರೆ ಅದು ಸಲೀಸು. ವಯಸ್ಸಾದಂತೆ ಚರ್ಮ ಒಣಗುತ್ತದೆ. ಹೊಲದಲ್ಲಿ, ಮಗ್ಗದಲ್ಲಿ ದುಡಿದ ಬೆರಳಾದರೆ ಗಂಟು ಕಟ್ಟಿ ಗೆರೆಗಳೂ ಸವೆದಿರುತ್ತವೆ. ರೇಷನ್ ಅಂಗಡಿಯಲ್ಲಿ ಅಜ್ಜಂದಿರ ಹೆಬ್ಬೆಟ್ಟು 'ಹೊಂದಾಣಿಕೆಯಾಗುತ್ತಿಲ್ಲ' ಎಂದು ಮಷೀನು ಹಟ ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಬೆರಳು ನಾಟದಿದ್ದಾಗ ದೊಡ್ಡವ್ವ ಏನು ಮಾಡುತ್ತಾಳೆ? ಕರೆಗಂಟೆ ಒತ್ತಿದ ಹಾಗೆ ಬಲವಾಗಿ, ಬಹಳ ಹೊತ್ತು ಒತ್ತಿ ಹಿಡಿಯುತ್ತಾಳೆ. ಫೋನಿಗೆ ಅದು 'ಒತ್ತಿ ಹಿಡಿದರು' ಎಂಬ ಬೇರೆಯೇ ಆಜ್ಞೆ. ಚಿಹ್ನೆಗಳೆಲ್ಲ ನಡುಗುತ್ತವೆ, ಒಂದು ಅಳಿಸಿಹೋಗುತ್ತದೆ. ಮರುದಿನ "ನನ್ನ ಫೋನ್ಯಾಗಿನ ಹಸರು ಡಬ್ಬಿ ಎಲ್ಲಿ ಹೋತು?" ಎಂದು ನನಗೆ ಕೇಳುತ್ತಾಳೆ, ಹಸಿರು ಡಬ್ಬಿ ಎಂದರೆ ವಾಟ್ಸಾಪ್. ಹಿರಿಯರಿಗಾಗಿ ಮಾಡುವ ಆ್ಯಪ್‌ನಲ್ಲಿ ಒತ್ತಿ ಹಿಡಿಯುವ ಆಜ್ಞೆಯೇ ಇರಬಾರದು. ಬೆರಳು ಎತ್ತಿದಾಗ ಕೆಲಸ ಆಗಬೇಕು.

ಕಿವಿಯದೂ ಇದೇ ಕಥೆ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ಕೀರಲು ಧ್ವನಿ. ಅಗ್ಗದ ಉಪಕರಣಗಳ ಬೀಪ್ ಸದ್ದು 3,000 ಹರ್ಟ್ಜ್ ಆಸುಪಾಸಿನದು, ಸರಿಯಾಗಿ ಹಿರಿಯರ ಕಿವಿ ಸೋಲುವ ಜಾಗ. ಬೆಂಕಿಯ ಅಲಾರಂಗಳ ಮೇಲೆ ನಡೆದ ಪ್ರಯೋಗಗಳಲ್ಲಿ 520 ಹರ್ಟ್ಜ್‌ನ ದಪ್ಪ ಸದ್ದು ಮಲಗಿದ ಹಿರಿಯರನ್ನು ಹೆಚ್ಚು ಚೆನ್ನಾಗಿ ಎಬ್ಬಿಸಿತು. ಬೆಟಗೇರಿಯಲ್ಲಿ ಪಕ್ಕದ ಓಣಿಯ ಮಗ್ಗದ ಸದ್ದಿನ ಜೊತೆಗೂ ಆ ಬೀಪ್ ಸ್ಪರ್ಧೆ ಮಾಡಬೇಕು ಎಂಬುದು ಬೇರೆ ಮಾತು. ಕಣ್ಣಿನ ಮಸೂರ ವಯಸ್ಸಿಗೆ ಹಳದಿಯಾಗುವುದರಿಂದ ನೀಲಿ, ನೇರಳೆ, ಬೂದು ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಆರೋಗ್ಯದ ಆ್ಯಪ್‌ಗಳು ಮಾತ್ರ ತಿಳಿನೀಲಿಯ ಮೇಲೆ ಬೂದು ಅಕ್ಷರ ಬಿಟ್ಟು ಬೇರೆ ಬಣ್ಣ ಕಂಡಿಲ್ಲ. ಕನ್ನಡ ಅಕ್ಷರಕ್ಕಂತೂ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ, ಪ-ಫ-ಷ ನಡುವಿನ ಗೆರೆ ಕಾಣದಿದ್ದರೆ, ಓದುಬರಹ ಬಲ್ಲ ಹಿರಿಯರೂ ಅನಕ್ಷರಸ್ಥರಾಗುತ್ತಾರೆ.

ಹಾಗಾದರೆ ಮಾತಿನಿಂದಲೇ ನಡೆಸಬಹುದಲ್ಲ? ನಡೆಸಬಹುದು; ಮಾತು ಅರ್ಥವಾದರೆ. ಮಾತು ಗುರುತಿಸುವ ಯಂತ್ರ ತಾನು ಕೇಳಿ ಕಲಿತ ದನಿಗಳನ್ನಷ್ಟೇ ಗುರುತಿಸುತ್ತದೆ. ವಾರ್ತೆ ಓದುವ ಕನ್ನಡ, ಬೆಂಗಳೂರು ಕಡೆಯ ಕನ್ನಡ ಕೇಳಿ ಬೆಳೆದದ್ದಕ್ಕೆ "ತಲಿ ಗಿರ್ ಅನ್ನಾಕತ್ತೇತಿ, ಕಣ್ಣಿಗೆ ಕತ್ತಲಿ ಬಂದಂಗಾತು" ಎಂದರೆ ಪದಗಳೇ ಚೆಲ್ಲಾಪಿಲ್ಲಿ. ಜೊತೆಗೆ ಹಲ್ಲಿಲ್ಲದ ಬಾಯಿ, ನಡುವೆ ಉಸಿರಿಗೆ ನಿಲ್ಲುವ ಮಾತು. ಸ್ವಲ್ಪ ತಡೆದರೆ ಯಂತ್ರ "ಮಾತು ಮುಗಿಯಿತು" ಎಂದುಕೊಂಡು ಅರ್ಧಕ್ಕೇ ಕತ್ತರಿಸುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಭಾಷಿಣಿ ಯೋಜನೆ ಭಾರತೀಯ ಭಾಷೆಗಳ ದನಿ ಸಂಗ್ರಹಕ್ಕೆ ಕೈಹಾಕಿದೆ. ನಮ್ಮ ಧಾರವಾಡದಲ್ಲೇ ಐಐಟಿ ಮತ್ತು ಐಐಐಟಿ ಎರಡೂ ಇವೆ. ಅಲ್ಲಿನ ಹುಡುಗರು ಮೈಕು ಹಿಡಿದು ಒಂದು ವಾರ ಹಾವೇರಿಯ ಸಂತೆಗಳಲ್ಲಿ ಕೂತರೆ ಎಷ್ಟು ಬೆಳೆ ಬಂದೀತು ಎಂದು ನನಗೆ ಆಸೆ.

ಪದ ಗುರುತಿಸಿದರೂ ಅರ್ಥದ ಕುತ್ತು ಉಳಿಯುತ್ತದೆ. ನಮ್ಮಲ್ಲಿ ಎದೆಗೆ ಸಂಬಂಧಿಸಿದ್ದೆಲ್ಲ "ಪಿತ್ತ ಆಗೇತಿ". ಹಿರಿಯರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಹೃದಯಾಘಾತ ಎದೆನೋವೇ ಇಲ್ಲದೆ ಬರಬಹುದು: ಬೆವರು, ಸುಸ್ತು, ಏದುಸಿರು, ಹೊಟ್ಟೆ ತೊಳಸುವುದು. "ಪಿತ್ತ, ಬೆವರು ಬಿಟ್ಟೇತಿ" ಎಂದ ಅಜ್ಜನಿಗೆ ಆಂಟಾಸಿಡ್ ಸೂಚಿಸುವ ಚಾಟ್‌ಬಾಟ್ ಇದ್ದದ್ದಕ್ಕಿಂತ ಇಲ್ಲದಿರುವುದೇ ಮೇಲು. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ, ಅಲ್ಲಿನ ಆರೋಗ್ಯ ಅಧಿಕಾರಿಯ ನೆರವಿನಿಂದ ಇ-ಸಂಜೀವಿನಿಯಲ್ಲಿ ದೂರದ ವೈದ್ಯರ ಜೊತೆ ಮಾತಾಡುವ ವ್ಯವಸ್ಥೆ ನನಗೆ ಇಷ್ಟವಾಗುವುದು ನಡುವೆ ಒಬ್ಬ ಮನುಷ್ಯ ಇರುತ್ತಾರೆ ಎಂಬುದಕ್ಕೆ. ಅಜ್ಜನ ಮಾತನ್ನು ಅವರು ವೈದ್ಯರಿಗೆ ದಾಟಿಸುತ್ತಾರೆ, ವೈದ್ಯರದನ್ನು ಅಜ್ಜನಿಗೆ.

ಈಗ ಗುಳಿಗೆ. ದೊಡ್ಡವ್ವನ ದೇವರ ಗೂಡಿನ ಪಕ್ಕ ಒಂದು ಬಿಸ್ಕೀಟಿನ ಡಬ್ಬಿ ಇದೆ. ಒಳಗೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್ ತುಂಡುಗಳು. ಔಷಧದಂಗಡಿಯವರು ಬೇಕಾದಷ್ಟೇ ಕತ್ತರಿಸಿ ಕೊಡುವಾಗ ಹೆಸರೂ ಅವಧಿಯ ದಿನಾಂಕವೂ ಇರುವ ಭಾಗ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಉಳಿದ ಅಕ್ಷರಗಳು ಮಿಂಚುವ ಹಾಳೆಯ ಮೇಲಿನ ಸಣ್ಣ ಇಂಗ್ಲಿಷು. ಆಕೆಗೆ ಅವುಗಳ ಹೆಸರು ಬೇರೆ: ಬಿಳಿ ಸಣ್ಣದು, ಹಳದಿ, ಉದ್ದಂದು. ಕಂಪನಿ ಬದಲಾದರೆ, ಜನೌಷಧಿಯಿಂದ ತಂದರೆ, ಅದೇ ಔಷಧ ಗುಲಾಬಿ ಬಣ್ಣದಲ್ಲಿ ಬರುತ್ತದೆ. ಆಗ ಹಳೆಯ ಹಳದಿಯೂ ಹೊಸ ಗುಲಾಬಿಯೂ ಎರಡೂ ಹೊಟ್ಟೆಗೆ ಹೋಗುತ್ತವೆ. ಇಬ್ಬರು ವೈದ್ಯರು ಎರಡು ಬ್ರಾಂಡಿನಲ್ಲಿ ಒಂದೇ ಮದ್ದು ಬರೆದರೂ ಇದೇ ಗತಿ. 'ಟೆಲ್ಮಿಸಾರ್ಟನ್ ಸೇವಿಸುವ ಸಮಯ' ಎಂದು ಬಿಪಿ ಮಾತ್ರೆಯ ಹೆಸರು ಹಿಡಿದು ನೆನಪಿಸುವ ಆ್ಯಪ್ ಇಲ್ಲಿ ಯಾವ ಉಪಯೋಗಕ್ಕೂ ಬಾರದು. ಗುಳಿಗೆಯ ಫೋಟೋ ಬೇಕು. ಅಂಗಡಿಯಲ್ಲಿ ಬಣ್ಣ ಬದಲಾದ ದಿನವೇ ಫೋಟೋವೂ ಬದಲಾಗಬೇಕು.

ಗಡಿಯಾರದ ಹೊತ್ತೂ ಅಷ್ಟಕ್ಕಷ್ಟೆ. ಆಕೆಯ ದಿನ ಗಂಟೆಯಿಂದ ನಡೆಯುವುದಿಲ್ಲ, ಚಹಾ-ನಾಷ್ಟಾ-ಊಟ-ದೀಪ ಹಚ್ಚುವ ಹೊತ್ತಿನಿಂದ ನಡೆಯುತ್ತದೆ. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಊಟದ ಜೊತೆ. "ಎದ್ದ ಕೂಡ್ಲೆ ಇದು, ಉಣ್ಣುಮುಂದ ಇದು" ಎಂದರೆ ಮರೆಯುವುದಿಲ್ಲ. ಇನ್ನು ಶ್ರಾವಣ ಸೋಮವಾರ, ಏಕಾದಶಿ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಗುಳಿಗೆ ನುಂಗಿ ಉಣ್ಣದೆ ಕೂತರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ತಲೆ ತಿರುಗಿ ಬೀಳುವುದು. ವಿಧೇಯರಾದ ಹಿರಿಯರು ಆ್ಯಪ್ ಹೇಳಿತೆಂದು ಉಪವಾಸದ ದಿನವೂ ನುಂಗುತ್ತಾರೆ. ನಮ್ಮ ಕಡೆಗಾಗಿ ಮಾಡಿದ ವ್ಯವಸ್ಥೆ ಮುಂಜಾನೆ ಮೊದಲು ಕೇಳಬೇಕಾದ ಪ್ರಶ್ನೆ: "ಇವತ್ತು ಒಪ್ಪತ್ತು ಏನ್ರಿ?" ಹೌದು ಎಂದರೆ, ಒಪ್ಪತ್ತಿನ ದಿನಕ್ಕೆ ವೈದ್ಯರು ಮೊದಲೇ ಬರೆದುಕೊಟ್ಟ ಪಟ್ಟಿ ತೋರಿಸಬೇಕು.

ಬಿದ್ದಮೇಲೆ ಕೂಗುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಅಗ್ಗ. ಇಲ್ಲೊಂದು ಸಣ್ಣ ವಿಷಯಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಮನೆಯ ಬಿಪಿ ಯಂತ್ರದಲ್ಲಿ ಕೂತು ನೋಡಿದರೆ 138/84, ಎಲ್ಲರಿಗೂ ಸಮಾಧಾನ. ಅದೇ ವ್ಯಕ್ತಿ ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಅದು ನಿಂತಾಗ ಬಿಪಿ ಕುಸಿಯುವ ತೊಂದರೆ. ನಡುರಾತ್ರಿ ಮೂತ್ರಕ್ಕೆ ಎದ್ದು, ಕಣ್ಣಿಗೆ ಕತ್ತಲೆ ಬಂದು, ಬಚ್ಚಲ ಹೊಸ್ತಿಲಲ್ಲಿ ಬೀಳುವ ಎಷ್ಟೋ ಘಟನೆಗಳ ಬೇರು ಇದೇ. ಎಷ್ಟೋ ಸಲ ಬಿಪಿ ಮಾತ್ರೆಯ ಪ್ರಮಾಣವೇ ಕಾರಣ. ವೈದ್ಯರು ಬದಲಿಸಿದರೆ ಮುಗಿಯಿತು. ಆದರೆ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಖಾನೆ ಇರುತ್ತದೆ, ಕೂತಾಗಿನದು. 'ನಿಂತಾಗ' ಎಂಬ ಇನ್ನೊಂದು ಖಾನೆ ಸೇರಿಸಲು ಪ್ರೋಗ್ರಾಮರಿಗೆ ಅರ್ಧ ದಿನ ಸಾಕು. ಬಚ್ಚಲಿಗೊಂದು ಹಿಡಿಕೆ, ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪ: ಇವೂ ಆರೋಗ್ಯ ತಂತ್ರಜ್ಞಾನವೇ, ಚಾರ್ಜ್ ಕೇಳುವುದಿಲ್ಲ.

ದಾಖಲೆಗಳ ಮಾತು ಬಂದರೆ ನಮ್ಮಲ್ಲಿ ಕ್ಯಾರಿಬ್ಯಾಗೇ ದಾಖಲೆ ಕೊಠಡಿ. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಬರುವ ಹಾವೇರಿಯ ಅಜ್ಜ ಬಟ್ಟೆಯಂಗಡಿಯ ಚೀಲದಲ್ಲಿ ಹತ್ತು ವರ್ಷದ ಎಕ್ಸ್‌ರೇ ತರುತ್ತಾನೆ, ಬೇಕಾದ ಚೀಟಿಯೊಂದು ಮಾತ್ರ ಮನೆಯಲ್ಲಿ. 2021ರ ಸೆಪ್ಟೆಂಬರ್ 27ರಂದು ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದಕ್ಕೆ ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತು ಸಂಖ್ಯೆ ತಂದಿತು. ಎಲ್ಲ ಕಾಗದವನ್ನೂ ದೆಹಲಿಯ ಒಂದು ಗೋದಾಮಿಗೆ ತುಂಬುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ, ಆಭಾ ಅದರ ವಿಳಾಸದ ಹಾಗೆ. ಇನ್ನೊಬ್ಬ ವೈದ್ಯರು ನೋಡಬೇಕೆಂದರೆ ನಮ್ಮ ಒಪ್ಪಿಗೆ ಬೇಕು, ಅದಕ್ಕೆ ಅವಧಿಯೂ ಉಂಟು.

ಕಾಗದದ ಮೇಲೆ ಚೆಂದ. 70 ದಾಟಿದವರಿಗೆಲ್ಲ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡು 2024ರ ಅಕ್ಟೋಬರಿನಲ್ಲಿ ಬಂದಾಗ ದೊಡ್ಡವ್ವನನ್ನು ನೋಂದಣಿಗೆ ಕರೆದುಕೊಂಡು ಹೋದೆ. ಒಟಿಪಿ ಹೋಯಿತು. ಎಲ್ಲಿಗೆ? ಆಧಾರಿಗೆ ಜೋಡಿಸಿದ ಪುಣೆಯ ಮಗನ ಮೊಬೈಲಿಗೆ. ಅವ ಮೀಟಿಂಗಿನಲ್ಲಿ. ಹತ್ತು ನಿಮಿಷದ ಅವಧಿ ಮುಗಿದು ಮತ್ತೆ ಮೊದಲಿಂದ. ಮೂರನೆಯ ಸಲಕ್ಕೆ ದೊಡ್ಡವ್ವ, "ನಾ ಇಲ್ಲೇ ಕುಂತೇನಿ, ನಾನಽ ಹೌದೋ ಅಲ್ಲೋ ಅಂತ ಪುಣೇಕ ಯಾಕ ಕೇಳಾಕತ್ತಾರ?" ಎಂದು ಕೇಳಿದಳು. ಗುರುತಿಸುವ ವಿಧಾನಗಳ ಬಗ್ಗೆ ಇದಕ್ಕಿಂತ ಸರಿಯಾದ ಟೀಕೆ ನಾನು ಕೇಳಿಲ್ಲ. ಒಬ್ಬರಿಗೊಂದು ಫೋನು ಎಂಬ ಕಲ್ಪನೆಯ ಮೇಲೆ ನಿಂತ ವ್ಯವಸ್ಥೆಗೆ, ಮನೆಗೊಂದು ಫೋನು ಇರುವ ಜನ ಸಿಕ್ಕಿದ್ದಾರೆ.

ಮಗ ಆಮೇಲೆ ಪಡಸಾಲೆಯಲ್ಲಿ ಒಂದು ಕ್ಯಾಮೆರಾ ಹಾಕಿಸಿದ. ನಾಲ್ಕು ದಿನಕ್ಕೆ ಅದರ ಮೇಲೆ ಟವೆಲ್ ಬಿತ್ತು. ಆಕೆ ಬಾಯಿಬಿಟ್ಟು ಬೇಡ ಎನ್ನಲಿಲ್ಲ, ಟವೆಲ್ ಒಣಹಾಕಿದಳು ಅಷ್ಟೆ. ಸೀರೆ ಸೊಂಟಕ್ಕೆ ಸಿಗಿಸಿಕೊಂಡು ನೆಲ ಒರೆಸುವುದನ್ನು ಯಾರೋ ನೋಡುತ್ತಾರೆ ಎಂದರೆ ಅದು ತನ್ನ ಮನೆ ಹೇಗಾದೀತು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಪಡೆಯುವ ಮುನ್ನ ಕೊಡುವ ಸೂಚನೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಸಿಗಬೇಕು ಎಂದಿದೆ. ಅದರಲ್ಲಿ ಕನ್ನಡ ಉಂಟು. ಆದರೆ ಮಗ ಅವ್ವನನ್ನು ಕೇಳಬೇಕು ಎಂದು ಯಾವ ಕಾಯ್ದೆ ಹೇಳಿದರೂ ಮನೆಯಲ್ಲಿ ಅದನ್ನು ಜಾರಿ ಮಾಡುವವರು ಯಾರು?

ಕ್ಯಾಮೆರಾ ಇಳಿಸಿ ಚಲನೆ ಗುರುತಿಸುವ ಸಣ್ಣ ಸೆನ್ಸರ್ ಹಾಕಿದೆವು. ಮೈಯ ಶಾಖ ಜಾಗ ಬದಲಿಸಿದ್ದನ್ನಷ್ಟೇ ಅದು ನೋಡುತ್ತದೆ, ಮುಖ ಕಾಣದು. ಕೆಲ ವಾರ ದಿನಚರಿ ಕಲಿತು, ತಪ್ಪಿದಾಗ ಎಚ್ಚರಿಸುತ್ತದೆ. ಕಲಿತೂ ಬಿಟ್ಟಿತು. ಒಂದು ರಾತ್ರಿ ಎರಡಕ್ಕೆ ನನ್ನ ಫೋನಿಗೆ ಸಂದೇಶ: 'ಅಸಹಜ ರಾತ್ರಿ ಓಡಾಟ'. ಎದೆ ಧಸಕ್ಕೆಂದಿತು. ಫೋನ್ ಮಾಡಿದರೆ ದೊಡ್ಡವ್ವ ಏದುಸಿರಿನಲ್ಲಿ, "ನೀರು ಬಂದಾವೋ, ಆಮ್ಯಾಲೆ ಮಾತಾಡ್ತೇನಿ" ಎಂದು ಇಟ್ಟಳು. ಆಕೆಯ ಓಣಿಗೆ ನಳದ ನೀರು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಬಂದ ಹೊತ್ತೇ ಮುಹೂರ್ತ. ಯಾವ ದೇಶದಲ್ಲಿ ಬರೆದ ಪ್ರೋಗ್ರಾಮಿಗೆ ನೀರು ಬರುವ ದಿನ ಗೊತ್ತಿರಬೇಕು ಹೇಳಿ. ಜಪಾನಿನಲ್ಲಿ 2001ರಲ್ಲೇ ಜೋಜಿರುಶಿ ಕಂಪನಿ ಒಂದು ವಿದ್ಯುತ್ ಬಿಸಿನೀರಿನ ಪಾತ್ರೆ ತಂದಿತ್ತು: ಹಿರಿಯರು ಚಹಾಕ್ಕೆ ನೀರು ತೆಗೆದುಕೊಂಡರೆ ದೂರದ ಮಕ್ಕಳಿಗೆ ಸುದ್ದಿ ಹೋಗುತ್ತದೆ. ಅಲ್ಲಿನ ಬದುಕಿನೊಳಗಿಂದ ಎತ್ತಿಕೊಂಡ ಉಪಾಯ ಅದು. ನಮ್ಮಲ್ಲಿ ಅಂಥದ್ದೇ ಮೊದಲಿಂದ ಇದೆ. ಏಳಾದರೂ ಅಂಗಳಕ್ಕೆ ಥಳಿ ಹೊಡೆದು ರಂಗೋಲಿ ಹಾಕಿರದಿದ್ದರೆ ಹಾಲಿನವ "ಯಾಕ ಅಜ್ಜಿ ಎದ್ದಿಲ್ಲೇನು?" ಎಂದು ಕೂಗುತ್ತಾನೆ.

ಹಾಲಿನವ ಮಾಡುತ್ತಿರುವುದಕ್ಕೆ ನಮ್ಮ ಕಸುಬಿನಲ್ಲಿ 'ಹಾರ್ಟ್‌ಬೀಟ್' ಎಂದು ಹೆಸರು. ದೊಡ್ಡ ಸರ್ವರುಗಳು ಕೆಟ್ಟಾಗ ಕೂಗುವುದನ್ನು ಯಾರೂ ನಂಬಿ ಕೂರುವುದಿಲ್ಲ, ಯಾಕೆಂದರೆ ಪೂರ್ತಿ ಕೆಟ್ಟದ್ದು ಕೂಗಲಾರದು. ಅದಕ್ಕೆ ಅವು ಚೆನ್ನಾಗಿದ್ದಾಗಲೇ ಆಗಾಗ "ಇದ್ದೇನೆ" ಎನ್ನುತ್ತಿರಬೇಕು. ಆ ಮಾತು ನಿಂತರೆ ಹುಡುಕಿಕೊಂಡು ಹೋಗುತ್ತಾರೆ. ಬಿದ್ದಾಗ ಮಾತ್ರ ಕೂಗುವ ವಾಚಿನ ದೊಡ್ಡ ದೋಷ ಇಲ್ಲಿದೆ. ಅದು ಸುಮ್ಮನಿದ್ದರೆ ಎಲ್ಲ ಆರಾಮವೋ, ಕರೆಂಟು ಹೋಗಿ ರೂಟರ್ ಸತ್ತಿದೆಯೋ, ವಾಚು ಬಿಚ್ಚಿ ಗೂಡಿನಲ್ಲಿ ಇಟ್ಟಿದ್ದಾಳೋ, ಗೊತ್ತಾಗುವುದಿಲ್ಲ.

ಕೊನೆಗೆ ನಾವು ಗಟ್ಟಿಮಾಡಿಕೊಂಡದ್ದು ಮಿಸ್ಡ್ ಕಾಲ್. ಮುಂಜಾನೆ ಚಹಾ ಕುಡಿದು, ಗುಂಡಿ ಒತ್ತುವ ಹಳೆಯ ಫೋನಿನಿಂದ ದೊಡ್ಡವ್ವ ನನಗೊಂದು ರಿಂಗ್ ಕೊಟ್ಟು ಕಟ್ ಮಾಡುತ್ತಾಳೆ. ಏಳೂವರೆ ದಾಟಿದರೆ ನಾನು ಫೋನ್ ಮಾಡುತ್ತೇನೆ, ಎತ್ತದಿದ್ದರೆ ವೈನಿ ಕೀಲಿ ಹಿಡಿದು ಹೋಗುತ್ತಾರೆ. ಆ ಫೋನಿನ ಬ್ಯಾಟರಿ ಮೂರು ದಿನ ಬರುತ್ತದೆ, ಇಂಟರ್ನೆಟ್ ಬೇಡ, ಯಾರೂ ಆಕೆಯನ್ನು ನೋಡುತ್ತಿಲ್ಲ, ಹೇಳುವವಳು ಆಕೆಯೇ. ಚಲನೆಯ ಸೆನ್ಸರ್ ಬಚ್ಚಲ ಬಾಗಿಲಿಗೆ ಉಳಿದಿದೆ, ರಾತ್ರಿ ಒಳಹೋದವರು ಮುಕ್ಕಾಲು ತಾಸು ಹೊರಬರದಿದ್ದರೆ ವೈನಿಯ ಮನೆಯಲ್ಲಿ ಗಂಟೆ ಹೊಡೆಯಲು. ವಾಚೂ ಉಂಟು. ರೊಟ್ಟಿ ಬಡಿಯುವಾಗ ಬಿಚ್ಚಿ ಒಲೆಯ ಪಕ್ಕದ ಮೊಳೆಗೆ ಹಾಕುತ್ತಾಳೆ. ಹಾಕಿ ಮರೆಯುತ್ತಾಳೆ ಎಂದು ಗೊತ್ತಾದ ಮೇಲೆ ಚಾರ್ಜರನ್ನು ಅದೇ ಮೊಳೆಗೆ ತಂದೆವು.

ತಲೆ ತಿನ್ನುತ್ತಿದ್ದದ್ದು ವೈನಿಯ ಪ್ರಶ್ನೆ. ನಮ್ಮ ಇಡೀ ವ್ಯವಸ್ಥೆ ನಿಂತಿರುವುದು ಅವರೊಬ್ಬರ ಮೇಲೆ. ತಂತ್ರಜ್ಞರ ಮಾತಿನಲ್ಲಿ ಅದು ಒಂದೇ ಕಂಬದ ಮಂಟಪ. ಅವರು ಧರ್ಮಸ್ಥಳಕ್ಕೆ ಹೋದ ವಾರ ನನಗೆ ನಿದ್ದೆ ಇರಲಿಲ್ಲ. 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬರಿಗೆ ಒಬ್ಬರೇ ಜಾಮೀನು ನಿಂತರೆ ಸಾಲದು, ಊರು ನಿಲ್ಲಬೇಕು ಎಂಬುದು ಅದರ ಲೆಕ್ಕ. ಕೂಗಿಗೆ ಓಡಿಬರುವವರದ್ದೂ ಹಾಗೊಂದು ಸರದಿ ಮಾಡಲಾಗದೇ ಎಂದು ಓಣಿಯಲ್ಲಿ ಕೇಳಿದೆ. ಮಗ್ಗದ ಮನೆಯ ಹುಡುಗ, ಕಿರಾಣಿ ಅಂಗಡಿಯವರು, ಒಬ್ಬ ನಿವೃತ್ತ ಕಂಡಕ್ಟರು, ಮೂವರು ಸೇರಿಕೊಂಡರು. ಕಂಡಕ್ಟರು ಕೀಲಿಗಳಿಗೆಲ್ಲ ನಂಬರಿನ ಬಿಲ್ಲೆ ಕಟ್ಟಿ ತಮ್ಮ ಹಳೆಯ ಟಿಕೆಟ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.

ವೈನಿಗೂ ಈಗ 66. ಅವರ ಮಗ ಜೂನಿನಲ್ಲಿ ಬೆಂಗಳೂರಿಗೆ ಹೋದ. ಅಂದಿನಿಂದ ಬೆಳಿಗ್ಗೆ ಏಳಕ್ಕೆ ನನ್ನ ಫೋನಿಗೆ ಎರಡು ಮಿಸ್ಡ್ ಕಾಲ್ ಬರುತ್ತವೆ.